ವಿಷವನ್ನುಣ್ಣುವ ಅಣಬೆ

ಪ್ರಕೃತಿಯಲ್ಲಿ ಕಳೆ ಎಂಬ ಗಿಡವೇ ಇಲ್ಲ. ತನಗೆ ಬೇಡವಾದ ಸ್ಥಳದಲ್ಲಿ ಬೆಳೆದ ಗಿಡಕ್ಕೆ ಮನುಷ್ಯನು ಇಟ್ಟ ಹೆಸರೇ ಕಳೆ. ಬೆಂಗಳೂರಿನ ಸುತ್ತಣ ಹಳ್ಳಿಗಳ ಗೃಹಿಣಿಯರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಗಿಯ ಹೊಲದಲ್ಲಿ, ಬದುವಿನ ಮೇಲೆ, ಕಾಲುವೆಯ ಅಂಚಿನಲ್ಲಿ ತಾವಾಗಿ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನ್ನೆ, ದೊಡ್ಡಗೋಣಿ ಮೊದಲಾದ ಸೊಪ್ಪುಗಳನ್ನು ಮಡಿಲು ತುಂಬ ಕಿತ್ತು ತಂದು, ಬೆರಕೆ ಸೊಪ್ಪಿನ ಸಾರು ಮಾಡಿ, ಬಿಸಿ ಮುದ್ದೆಯೊಡನೆ ಬಡಿಸುವುದು ಅವರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಹೊಲಕ್ಕೆ ಕಳೆಯಾದುದು ಒಲೆಗೆ ಅಡಿಗೆಯಾಗುತ್ತಿತ್ತು. ಕಳೆ ಕೀಳುವ ಕೆಲಸವೂ ಆಯಿತು, ಸಂಜೆಯ ಊಟವೂ ಆಯಿತು.

ಇಂದು ಅದೇ ಸೊಪ್ಪನ್ನು ಪೇಟೆಯಲ್ಲಿ ಕೊಳ್ಳುವ ಗೃಹಿಣಿಯ ಮನಸ್ಸಿನಲ್ಲಿ ಒಂದು ಶಂಕೆ ಸುಳಿದರೆ ಅದನ್ನು ಅತಿಶಯವೆನ್ನುವಂತಿಲ್ಲ. ಈ ಸೊಪ್ಪು ಬೆಳೆದ ಬದುವಿಗೆ ಕಳೆನಾಶಕವನ್ನು ಸಿಂಪಡಿಸಿದ್ದರೋ ಇಲ್ಲವೋ? ಸಿಂಪಡಿಸಿದ್ದರೆ ಆ ವಿಷ ಎಲ್ಲಿಗೆ ಹೋಯಿತು? ಒಮ್ಮೆ ನೆಲಕ್ಕೆ ಬಿದ್ದ ವಿಷವನ್ನು ಮರಳಿ ನಿರ್ವಿಷಗೊಳಿಸುವ ಉಪಾಯವುಂಟೇ? ಈ ಪ್ರಶ್ನೆಗಳಲ್ಲಿ ಕೊನೆಯದಕ್ಕೆ ವಿಜ್ಞಾನಿಗಳು ಕಂಡುಕೊಂಡಿರುವ ಉತ್ತರಗಳಲ್ಲೊಂದು ವಿಚಿತ್ರವಾದುದು. ಮಳೆಗಾಲದಲ್ಲಿ ಕೊಳೆತ ಮರದ ದಿಮ್ಮಿಯ ಮೇಲೆ ಕೊಡೆ ಬಿಚ್ಚಿ ನಿಲ್ಲುವ ಅಣಬೆಯೇ ಆ ಉತ್ತರ.

ಎಡೆಕುಂಟೆಯಿಂದ ಸೀಸೆಗೆ

ರೈತನು ಕಳೆನಾಶಕವನ್ನು ಮೆಚ್ಚಿ ತಂದನೆನ್ನುವುದಕ್ಕಿಂತ ಗತಿಯಿಲ್ಲದೆ ತಂದನೆನ್ನುವುದೇ ಸರಿ. ಬೆಂಗಳೂರಿನ ಹೊರವಲಯದಲ್ಲಿ ಈ ಸಂಗತಿ ಕಣ್ಣಿಗೆ ಕಟ್ಟುವಂತಿದೆ. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ವ್ಯವಸಾಯಕ್ಕಾಗಿಯೇ ಹುಟ್ಟಿದ ವಸಾಹತು ವೈಟ್‌ಫೀಲ್ಡ್. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಿದ್ದ ಕಡೆ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಾರ್ಯ ಆರಂಭವಾಯಿತು. ಅದೇ ದಶಕದಲ್ಲಿ ಪೀಣ್ಯದ ಕೈಗಾರಿಕಾ ಬಡಾವಣೆಯೂ ಬೆಳೆಯಿತು. ಎಡೆಕುಂಟೆ ಹಿಡಿಯುತ್ತಿದ್ದ ತರುಣನು ಕಾರ್ಖಾನೆಯ ಕಾವಲುಗಾರನಾದನು; ಸಾಲು ಹಿಡಿದು ಕಳೆ ಕೀಳುತ್ತಿದ್ದ ಹೆಣ್ಣುಮಗಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತಳು. ಉಳಿದ ಹೊಲಕ್ಕೆ ಕೂಲಿಯಾಳು ಸಿಗದಾಗ ಬೆನ್ನಿಗೆ ಕಟ್ಟುವ ಪಂಪೂ ಅಂಗಡಿಯ ಸೀಸೆಯೂ ಬಂದುವು. ಹತ್ತು ಜನರು ಎರಡು ದಿನ ಮಾಡುವ ಕೆಲಸವನ್ನು ಒಬ್ಬನು ಅರ್ಧ ದಿನದಲ್ಲಿ ಮುಗಿಸುವಂತಾದ ಮೇಲೆ ಲೆಕ್ಕ ಹಾಕದ ರೈತನಾದರೂ ಯಾರು?

ಈಗ ಕಳೆನಾಶಕವು ಹೊಲದಲ್ಲಿ ಮಾತ್ರ ನಿಲ್ಲುವುದಿಲ್ಲ. ಮನೆ ಕಟ್ಟದೆ ಬಿಟ್ಟ ನಿವೇಶನ, ಕಾರ್ಖಾನೆಯ ಆವರಣ, ಕಾಲುದಾರಿಗೆ ಹಾಸಿದ ಕಲ್ಲುಗಳ ಸಂದು, ಬಹುಮಹಡಿ ವಸತಿಗಳ ಹುಲ್ಲುಹಾಸು, ಇವೆಲ್ಲಕ್ಕೂ ಅದು ಹೋಗಬಲ್ಲುದು. ಹಾವಿನ ಭಯವೋ ಸೊಳ್ಳೆಯ ಕಾಟವೋ ಎದುರಾದಾಗ ಸುಲಭೋಪಾಯವಾಗಿ ತೋರುವುದು ಇದೇ.

ಈ ವಿಷಗಳು ಗಿಡವನ್ನು ಕೊಲ್ಲುವ ಬಗೆಗಳು ಹಲವು. 1940ರ ದಶಕದಲ್ಲಿ ಬಳಕೆಗೆ ಬಂದ 2,4-ಡಿ ಎಂಬುದು ಸಸ್ಯದ ಬೆಳವಣಿಗೆಯ ರಸವನ್ನು ಅನುಕರಿಸುತ್ತದೆ. ಅಗಲ ಎಲೆಯ ಗಿಡವು ಮಿತಿಮೀರಿ, ಅಡ್ಡಾದಿಡ್ಡಿಯಾಗಿ ಬೆಳೆದು, ತನ್ನ ಬೆಳವಣಿಗೆಯಿಂದಲೇ ಸಾಯುತ್ತದೆ. 1958ರಲ್ಲಿ ಪೇಟೆಗೆ ಬಂದ ಅಟ್ರಜಿನ್ ಎಲೆಯು ಬಿಸಿಲಿನಿಂದ ಆಹಾರ ತಯಾರಿಸುವ ಕ್ರಿಯೆಯನ್ನು ತಡೆಯುತ್ತದೆ. ಪೆಂಡಿಮೆಥಾಲಿನ್ ಮೊಳಕೆಯ ಜೀವಕೋಶಗಳು ಒಡೆದು ಬೆಳೆಯದಂತೆ ಮಾಡುತ್ತದೆ. 1974ರಲ್ಲಿ ಮಾರಾಟಕ್ಕೆ ಬಂದ ಗ್ಲೈಫೋಸೇಟ್ ಸಸ್ಯಕ್ಕೆ ಅತ್ಯಗತ್ಯವಾದ ಕೆಲವು ಅಮೈನೋ ಆಮ್ಲಗಳ ತಯಾರಿಕೆಯನ್ನು ನಿಲ್ಲಿಸಿ, ಬೇರಿನವರೆಗೂ ಇಳಿದು ಕೊಲ್ಲುತ್ತದೆ. 1960ರ ದಶಕದ ಆರಂಭದಿಂದ ಮಾರಾಟದಲ್ಲಿರುವ ಪ್ಯಾರಾಕ್ವಾಟ್ ತಗುಲಿದ ಹಸುರನ್ನು ಬೇಗನೆ ಸುಟ್ಟುಬಿಡುತ್ತದೆ. ಮನುಷ್ಯನ ಹೊಟ್ಟೆಗೆ ಹೋದರೆ ಇದಕ್ಕೆ ತಕ್ಕ ಪ್ರತಿವಿಷವೇ ಇಲ್ಲವೆಂಬುದನ್ನು ವೈದ್ಯರು ಬಲ್ಲರು.

ಎಲ್ಲವೂ ಸಮಾನವಾಗಿ ಕ್ರೂರವಲ್ಲ. ಎಲ್ಲವೂ ಸಮಾನ ಕಾಲ ನೆಲದಲ್ಲಿ ಉಳಿಯುವುದೂ ಇಲ್ಲ. 2,4-ಡಿಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಮುರಿದುಹಾಕುತ್ತವೆ. ಅಟ್ರಜಿನ್ ಹಾಗಲ್ಲ, ಅದು ಅಂತರ್ಜಲಕ್ಕೆ ಇಳಿದು ಬಹುಕಾಲ ನಿಲ್ಲಬಲ್ಲುದು. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟವು 2004ರಲ್ಲಿ ಅದಕ್ಕೆ ಅನುಮತಿಯನ್ನು ನಿರಾಕರಿಸಿತು. ಗ್ಲೈಫೋಸೇಟಿನ ವಿಷಯದಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಅದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ವೆಂಬ ವರ್ಗಕ್ಕೆ ಸೇರಿಸಿತು. ಅಮೆರಿಕೆಯ ಮತ್ತು ಐರೋಪ್ಯದ ನಿಯಂತ್ರಣ ಸಂಸ್ಥೆಗಳು ಆ ತೀರ್ಮಾನವನ್ನು ಒಪ್ಪಲಿಲ್ಲ. ಭಾರತ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆಜ್ಞೆ ಹೊರಡಿಸಿ, ಕೀಟ ನಿಯಂತ್ರಣದ ಪರವಾನಗಿಯುಳ್ಳವರ ಹೊರತು ಇತರರು ಗ್ಲೈಫೋಸೇಟನ್ನು ಸಿಂಪಡಿಸಕೂಡದೆಂದು ವಿಧಿಸಿತು.

ನೀರು ಹೋಗುವ ದಾರಿ

ಬೆಂಗಳೂರು ನಗರವು ದಿಣ್ಣೆಯ ಮೇಲೆ ಕುಳಿತಿದೆ. ಇಲ್ಲಿ ಬಿದ್ದ ಮಳೆ ಎರಡು ಕಡೆಗೆ ಇಳಿಯುತ್ತದೆ. ಪೂರ್ವದ ಕಡೆ ಇಳಿದ ನೀರಿನ ಬಹುಭಾಗವು ರಾಜಕಾಲುವೆಗಳ ಮೂಲಕ ಬೆಳ್ಳಂದೂರು ಕೆರೆಗೂ, ಅಲ್ಲಿಂದ ವೈಟ್‌ಫೀಲ್ಡಿನ ನೆರೆಯ ವರ್ತೂರು ಕೆರೆಗೂ, ಮುಂದೆ ದಕ್ಷಿಣ ಪಿನಾಕಿನಿಗೂ ಸೇರಿ ತಮಿಳುನಾಡಿನತ್ತ ಸಾಗುತ್ತದೆ. ಪಶ್ಚಿಮದಲ್ಲಿ ಪೀಣ್ಯದ ಕಡೆಯ ನೀರು ವೃಷಭಾವತಿಯಲ್ಲಿ ಹರಿದು, ಬಿಡದಿಯ ಬಳಿಯ ಬೈರಮಂಗಲದ ಜಲಾಶಯವನ್ನು ತುಂಬಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಒಳಹರಿವು. ಹಿರಿಯರು ನೀರನ್ನು ಹಂಚಿಕೊಳ್ಳಲೆಂದು ಕಟ್ಟಿದ ಈ ಸರಪಳಿಯು ಈಗ ಕೊಳೆಯನ್ನು ಹಂಚಿಕೊಡುವ ಸರಪಳಿಯಾಗಿದೆ. ಬೈರಮಂಗಲದ ನೀರಿನಿಂದ ಬೆಳೆದ ಮೇವನ್ನು ತಿಂದ ಹಸುವಿನ ಹಾಲು ಮತ್ತೆ ಮನುಷ್ಯನ ಲೋಟಕ್ಕೇ ಬರುತ್ತದೆ.

ಇಲ್ಲಿ ಒಂದು ವಿವೇಕ ಅವಶ್ಯ. 2015ರಲ್ಲಿ ವರ್ತೂರಿನ ರಸ್ತೆಗೆ ಹಾರಿಬಂದ ನೊರೆಗೂ, 2015, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಎದ್ದ ಬೆಂಕಿಗೂ ಕಳೆನಾಶಕವನ್ನು ದೂರುವಂತಿಲ್ಲ. ನೊರೆಗೆ ಮುಖ್ಯ ಕಾರಣ ಮನೆಮನೆಯ ಸಾಬೂನಿನ ಪುಡಿಯೂ ಚರಂಡಿಯ ನೀರೂ. ಪೀಣ್ಯದ ಅಂತರ್ಜಲಕ್ಕೆ ಕಂಟಕವಾಗಿರುವುದು ಲೋಹಲೇಪನದ ಕಾರ್ಖಾನೆಗಳಿಂದ ಬಂದ ಕ್ರೋಮಿಯಂ. ಕಳೆನಾಶಕದ ಗುಣ ಬೇರೆ. ಅದಕ್ಕೆ ನೊರೆಯಿಲ್ಲ, ಬಣ್ಣವಿಲ್ಲ, ನೀರಿನಲ್ಲಿ ಅಲ್ಪವಾಗಿದ್ದರೆ ವಾಸನೆಯೂ ಇಲ್ಲ. ಕಣ್ಣಿಗೆ ಕಾಣುವ ಕೊಳೆಗೆ ವರ್ತಮಾನ ಪತ್ರಿಕೆಗಳಲ್ಲಿ ಸ್ಥಾನವುಂಟು. ಕಾಣದ ಕೊಳೆಯನ್ನು ಹುಡುಕಿಕೊಂಡು ಹೋಗಬೇಕು. ಚರಂಡಿಯ ನೀರನ್ನು ಶುದ್ಧಮಾಡುವ ಸಾಮಾನ್ಯ ಸ್ಥಾವರಗಳನ್ನು ಇಂಥ ವಿಷವನ್ನು ತೆಗೆಯಲೆಂದು ಕಟ್ಟಿದುದಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೂ ಹರಿಯುತ್ತಿರುವಾಗ ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮರವನ್ನು ಜೀರ್ಣಿಸುವ ಕಲೆ

ಗಾಳಿಮಳೆಗೆ ಉರುಳಿದ ಗುಲ್‌ಮೊಹರಿನ ಕಾಂಡವನ್ನು ಮೂಲೆಯಲ್ಲಿ ಬಿಟ್ಟರೆ ಕೆಲವು ವರ್ಷಗಳಲ್ಲಿ ಅದು ಹಗುರವಾಗಿ, ಬೆಳ್ಳಗಾಗಿ, ಎಳೆಎಳೆಯಾಗಿ ಬಿಚ್ಚಿಕೊಳ್ಳುವುದನ್ನು ಕಾಣಬಹುದು. ಇದು ಬಿಳಿ ಕೊಳೆತದ ಶಿಲೀಂಧ್ರಗಳ ಕೆಲಸ. ಇದು ಎಷ್ಟು ಕಷ್ಟದ ಕೆಲಸವೆಂಬುದನ್ನು ತಿಳಿಯಬೇಕಾದರೆ ಮರದ ರಚನೆಯನ್ನು ನೋಡಬೇಕು. ಮರವು ಒಂದು ಬಗೆಯ ಕಾಂಕ್ರೀಟು ಕಟ್ಟಡ. ಸೆಲ್ಯುಲೋಸ್ ಎಂಬ ನಾರು ಅದರ ಕಬ್ಬಿಣದ ಕಂಬಿ. ಲಿಗ್ನಿನ್ ಎಂಬ ವಸ್ತು ಅದರ ಗಾರೆ. ಈ ಗಾರೆಯಲ್ಲಿ ಇಂಗಾಲದ ಉಂಗುರಗಳು ಹತ್ತಾರು ಬಗೆಯ ಬೆಸುಗೆಗಳಿಂದ ಕ್ರಮವಿಲ್ಲದೆ ಹೆಣೆದುಕೊಂಡಿವೆ. ಹಸುವಿನ ಹೊಟ್ಟೆಯೂ ಅದನ್ನು ಜೀರ್ಣಿಸಲಾರದು. ಬಿಳಿ ಕೊಳೆತದ ಶಿಲೀಂಧ್ರವು ಅದನ್ನು ಜೀರ್ಣಿಸಬಲ್ಲುದು.

ಬೀಗಕ್ಕೊಂದು ಬೀಗದ ಕೈ ಎಂಬಂತೆ, ಸಾಮಾನ್ಯವಾಗಿ ಒಂದು ಕಿಣ್ವವು ಒಂದು ಬಗೆಯ ಅಣುವನ್ನು ಮಾತ್ರ ಹಿಡಿಯುತ್ತದೆ. ಕ್ರಮವೇ ಇಲ್ಲದ ಲಿಗ್ನಿನ್ನಿಗೆ ಬೀಗದ ಕೈ ಮಾಡುವುದು ಹೇಗೆ? ಶಿಲೀಂಧ್ರವು ಬೀಗದ ಕೈಯನ್ನು ಬಿಟ್ಟು ಸುತ್ತಿಗೆಯನ್ನು ಹಿಡಿಯಿತು. ಅದು ತನ್ನ ದೇಹದ ಹೊರಗೆ ಸ್ರವಿಸುವ ಕಿಣ್ವಗಳು ಎದುರಿಗೆ ಸಿಕ್ಕ ಅಣುವಿನಿಂದ ಇಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತವೆ. ಇಲೆಕ್ಟ್ರಾನ್ ಕಳೆದುಕೊಂಡ ಅಣು ಅಸ್ಥಿರವಾಗಿ ತಾನೇ ಮುರಿದುಬೀಳುತ್ತದೆ. ಜ್ವಾಲೆಯಿಲ್ಲದೆ, ಹೊಗೆಯಿಲ್ಲದೆ ನಡೆಯುವ ನಿಧಾನವಾದ ದಹನವಿದು.

ಈ ಸುತ್ತಿಗೆಗಳಲ್ಲಿ ಮುಖ್ಯವಾದುವು ಮೂರು. ಮೊದಲನೆಯದು ಲ್ಯಾಕೇಸ್. 1883ರಲ್ಲಿ ಜಪಾನಿನ ಯೋಶಿದಾ ಎಂಬ ವಿಜ್ಞಾನಿಯು ಅಲ್ಲಿಯ ಮೆರುಗೆಣ್ಣೆ ಮರದ ಹಾಲಿನಲ್ಲಿ ಇದನ್ನು ಕಂಡನು. ಪೆಟ್ಟಿಗೆ ಬಟ್ಟಲುಗಳಿಗೆ ಬಳಿದ ಆ ಹಾಲು ಗಟ್ಟಿಯಾಗಿ ಹೊಳೆಯುವುದು ಈ ಕಿಣ್ವದಿಂದ. ನಮ್ಮ ಚನ್ನಪಟ್ಟಣದ ಗೊಂಬೆಗಳ ಹೊಳಪು ಕೀಟವು ಕೊಡುವ ಅರಗಿನದು. ಜಪಾನಿನದು ಮರದ ಹಾಲಿನದು. ಅದೇ ಕಿಣ್ವವನ್ನು ಮುಂದೆ ಅಣಬೆಗಳಲ್ಲಿಯೂ ಕಂಡರು. ಅದರ ಒಡಲಿನಲ್ಲಿ ತಾಮ್ರದ ನಾಲ್ಕು ಪರಮಾಣುಗಳಿವೆ. ಕಿತ್ತ ಇಲೆಕ್ಟ್ರಾನುಗಳನ್ನು ಅವು ಗಾಳಿಯ ಆಮ್ಲಜನಕಕ್ಕೆ ದಾಟಿಸುತ್ತವೆ. ಉಳಿಯುವ ತ್ಯಾಜ್ಯವು ಬರಿಯ ನೀರು. ಎರಡನೆಯದು 1983ರಲ್ಲಿ ಅಮೆರಿಕೆಯ ಸಂಶೋಧಕರು ಫ್ಯಾನಿರೋಕೀಟೆ ಕ್ರೈಸೋಸ್ಪೋರಿಯಂ ಎಂಬ ಶಿಲೀಂಧ್ರದಲ್ಲಿ ಕಂಡ ಲಿಗ್ನಿನ್ ಪೆರಾಕ್ಸಿಡೇಸ್. ಮೂರನೆಯದು ಅದರ ಬೆನ್ನಿಗೇ ಬೆಳಕಿಗೆ ಬಂದ ಮ್ಯಾಂಗನೀಸ್ ಪೆರಾಕ್ಸಿಡೇಸ್.

ಹಲವು ಕಳೆನಾಶಕಗಳ ಅಣುಗಳಲ್ಲಿಯೂ ಲಿಗ್ನಿನ್ನಿನಂತೆಯೇ ಇಂಗಾಲದ ಉಂಗುರಗಳಿವೆ. ಮರದ ಗಾರೆಯನ್ನೊಡೆಯುವ ಸುತ್ತಿಗೆಗೆ ಇದು ಮರ, ಇದು ವಿಷ ಎಂಬ ಭೇದವಿಲ್ಲ. ಅಣಬೆಯು ವಿಷವನ್ನು ಹಸಿವೆಯಿಂದ ಉಣ್ಣುವುದಿಲ್ಲ. ಮರವನ್ನು ಉಣ್ಣಲು ಹೊರಟ ದಾರಿಯಲ್ಲಿ ವಿಷವನ್ನೂ ಮುರಿಯುತ್ತದೆ.

ಪ್ರಯೋಗಶಾಲೆಯ ಸಾಕ್ಷ್ಯ

1985ರಲ್ಲಿ ಅಮೆರಿಕೆಯ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಫ್ಯಾನಿರೋಕೀಟೆಯು ಡಿಡಿಟಿ, ಲಿಂಡೇನ್ ಮೊದಲಾದ ಹಠಮಾರಿ ವಿಷಗಳನ್ನು ಇಂಗಾಲಾಮ್ಲದವರೆಗೆ ಒಡೆಯಬಲ್ಲುದೆಂದು ಪ್ರಕಟಿಸಿದಾಗ ವಿಜ್ಞಾನ ಪ್ರಪಂಚವು ಬೆರಗಾಯಿತು. 1993ರಲ್ಲಿ ಅದೇ ಶಿಲೀಂಧ್ರವು 2,4-ಡಿಯನ್ನು ಒಡೆಯುವುದನ್ನು ತೋರಿಸಿದರು. ಅದೇ ವರ್ಷ ಇಸ್ರೇಲಿನವರು ಚಿಪ್ಪಣಬೆಯ ಜಾತಿಯೊಂದು ಅಟ್ರಜಿನ್ನನ್ನು ಮಾರ್ಪಡಿಸುವುದೆಂದು ಕಂಡರು. 2009ರಲ್ಲಿ ಸ್ವೀಡನ್ನಿನ ಉಪ್ಸಾಲದ ಸಂಶೋಧಕರು ಗ್ಲೈಫೋಸೇಟನ್ನು ಪರೀಕ್ಷೆಗೆ ಒಡ್ಡಿದರು. ಮ್ಯಾಂಗನೀಸ್ ಪೆರಾಕ್ಸಿಡೇಸ್ ಅದನ್ನು ಒಡೆಯಿತು. ಲ್ಯಾಕೇಸ್ ಒಂಟಿಯಾಗಿ ಸೋತರೂ, ಇಲೆಕ್ಟ್ರಾನನ್ನು ಸಾಗಿಸುವ ಸಹಾಯಕ ವಸ್ತುಗಳನ್ನು ಜೊತೆಗೂಡಿಸಿದಾಗ ಗೆದ್ದಿತು.

ಕನ್ನಡ ನಾಡಿನ ಪ್ರಯೋಗಶಾಲೆಗಳೂ ಸುಮ್ಮನೆ ಕುಳಿತಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ಶಾಸ್ತ್ರಜ್ಞರು ಪೆಂಡಿಮೆಥಾಲಿನ್ ಎಂಬ ಕಳೆನಾಶಕವನ್ನು ಮುರಿಯುವ ಬ್ಯಾಕ್ಟೀರಿಯವೊಂದರ ವಿಷಯವನ್ನು 2010ರಲ್ಲಿ ಪ್ರಕಟಿಸಿದರು. 2011ರಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ಸಂಶೋಧಕರು ಚಿಪ್ಪಣಬೆಯ ಕುಲದ ಶಿಲೀಂಧ್ರದಿಂದ ಲ್ಯಾಕೇಸನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಅದರ ಗುಣಲಕ್ಷಣಗಳನ್ನು ವಿವರಿಸಿದರು. ಆ ಚಿಪ್ಪಣಬೆಯು ಬೆಂಗಳೂರಿಗೆ ಅಪರಿಚಿತವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅದರ ಬೀಜವನ್ನು ಒದಗಿಸಿ ಬೇಸಾಯವನ್ನು ಕಲಿಸುತ್ತದೆ. ಭತ್ತದ ಹುಲ್ಲು ತುಂಬಿದ ಚೀಲದಲ್ಲಿ ಅದು ಬಿಳಿಯ ಬಲೆಯಂತೆ ಹಬ್ಬಿ, ಮೂರು ನಾಲ್ಕು ವಾರಗಳಲ್ಲಿ ಅಡಿಗೆಮನೆಗೆ ಬರುತ್ತದೆ.

ಕಿಣ್ವಗಳ ನಗರ

ಕಿಣ್ವವನ್ನು ಕೈಗಾರಿಕೆಯ ಮಟ್ಟದಲ್ಲಿ ತಯಾರಿಸುವ ವಿದ್ಯೆಯೂ ಈ ಹೊರವಲಯಕ್ಕೆ ಹೊಸದಲ್ಲ. 1978ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದಾಗ ಅದರ ಮೊದಲ ಸರಕುಗಳಲ್ಲೊಂದು ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ. ಮುಂದೆ ಹೊಸೂರು ರಸ್ತೆಯ ಹೆಬ್ಬಗೋಡಿಯಲ್ಲಿ ಬೆಳೆದ ಆ ಸಂಸ್ಥೆಯು ಶಿಲೀಂಧ್ರಗಳನ್ನು ಘನ ಆಹಾರದ ಮೇಲೆ ಬೆಳೆಸಿ ಕಿಣ್ವ ತೆಗೆಯುವ ವಿಧಾನದಲ್ಲಿ ಪರಿಣತಿ ಪಡೆಯಿತು. 2007ರಲ್ಲಿ ಅದರ ಕಿಣ್ವ ವ್ಯವಹಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಕೊಂಡಿತು. ಆ ಸಂಸ್ಥೆಯು ಅದಕ್ಕೆ ಮೊದಲೇ ವೈಟ್‌ಫೀಲ್ಡಿನಲ್ಲಿ ನೆಲೆಯೂರಿತ್ತು.

ಲ್ಯಾಕೇಸಿನ ಕೆಲಸವನ್ನು ನೋಡಬಯಸುವವರು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಕಾಲೇಜಿಗೆ ಹೋಗುವ ಮಗನ ಮಾಸಿದ ಜೀನ್ಸನ್ನು ನೋಡಿದರೂ ಸಾಕಾಗಬಹುದು. ಹೊಸ ಬಟ್ಟೆಯ ನೀಲಿಯನ್ನು ಹದವಾಗಿ ತೆಗೆದು ಹಳತರಂತೆ ಮಾಡಲು ಶಿಲೀಂಧ್ರದ ಲ್ಯಾಕೇಸನ್ನು ಬಳಸುವ ಪದ್ಧತಿ 1996ರಲ್ಲಿ ಪೇಟೆಗೆ ಬಂದಿತು. ಬಣ್ಣವನ್ನು ಮುರಿಯುವ ಕಿಣ್ವವನ್ನು ಮಣಗಟ್ಟಲೆ ತಯಾರಿಸುವುದು ಸಾಧ್ಯವಾದ ಮೇಲೆ ವಿಷವನ್ನು ಮುರಿಯುವುದಕ್ಕೂ ಹಾಗೆಯೇ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜವಾದುದೇ.

ಆಸ್ಟ್ರೇಲಿಯದಲ್ಲಿ ಇಂಥದೊಂದು ಯತ್ನ ನಡೆದುದುಂಟು. ಅಲ್ಲಿಯ ವಿಜ್ಞಾನಿಗಳು ಬ್ಯಾಕ್ಟೀರಿಯದಿಂದ ಪಡೆದ ಕಿಣ್ವವನ್ನು ಹೊಲದಿಂದ ಹರಿದುಬಂದ ಸುಮಾರು 15 ಲಕ್ಷ ಲೀಟರ್ ನೀರಿದ್ದ ಕಟ್ಟೆಗೆ ಬೆರೆಸಿದರು. ನಾಲ್ಕು ಗಂಟೆಗಳಲ್ಲಿ ನೀರಿನ ಅಟ್ರಜಿನ್ನಿನ ಶೇಕಡ 90ಕ್ಕೂ ಹೆಚ್ಚು ಭಾಗ ಮರೆಯಾಯಿತೆಂದು 2010ರಲ್ಲಿ ವರದಿ ಮಾಡಿದರು. ಅಲ್ಲಿ ಬಳಸಿದುದು ಶಿಲೀಂಧ್ರದ ಕಿಣ್ವವಲ್ಲ. ಆದರೂ ಕಿಣ್ವವು ಸೀಸೆಯನ್ನು ಬಿಟ್ಟು ಬಯಲಿಗೆ ಬರಬಹುದೆಂಬುದಕ್ಕೆ ಅದು ಸಾಕ್ಷಿ.

ಸೀಸೆಯಿಂದ ಕೆರೆಗೆ

ಹಾಗಾದರೆ ವರ್ತೂರು ಕೆರೆಗೆ ನಾಲ್ಕು ಪೀಪಾಯಿ ಕಿಣ್ವವನ್ನು ಸುರಿದರಾಗದೇ? ಆಗದು. ಕಾರಣಗಳು ಹಲವು.

ಶಿಲೀಂಧ್ರದ ಕಿಣ್ವಗಳು ಸಾಮಾನ್ಯವಾಗಿ ಹುಳಿಯಾದ ದ್ರವದಲ್ಲಿ ಚುರುಕು. ಸಾಬೂನು ಬೆರೆತ ಚರಂಡಿಯ ನೀರು ಕ್ಷಾರದ ಕಡೆಗೆ ವಾಲುತ್ತದೆ. ಕಿಣ್ವವೂ ಒಂದು ಪ್ರೋಟೀನಾದುದರಿಂದ ಕೊಳೆನೀರಿನ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಅದನ್ನೇ ತಿಂದು ಮುಗಿಸುತ್ತವೆ. ಕಿಣ್ವದ ಬದಲು ಶಿಲೀಂಧ್ರವನ್ನೇ ಬಿಡೋಣವೆಂದರೆ, ಫ್ಯಾನಿರೋಕೀಟೆಯು ಸಾರಜನಕದ ಕೊರತೆಯಾದಾಗ ಮಾತ್ರ ತನ್ನ ಸುತ್ತಿಗೆಯನ್ನು ಹೊರಗೆ ತೆಗೆಯುತ್ತದೆ. ನಮ್ಮ ಕೆರೆಗಳಲ್ಲಿ ಸಾರಜನಕಕ್ಕೆ ಬರವೇ ಇಲ್ಲ. ಹೊಟ್ಟೆ ತುಂಬಿದ ಶಿಲೀಂಧ್ರವು ಕೆಲಸಕ್ಕೆ ಬಾರದು.

ಇನ್ನೊಂದು ಅಡ್ಡಿ ಇದಕ್ಕಿಂತ ಗಂಭೀರವಾದುದು. ಒಡೆಯುವುದು ಬೇರೆ, ನಿರ್ವಿಷಗೊಳಿಸುವುದು ಬೇರೆ. ಡೈಯುರಾನ್ ಎಂಬ ಕಳೆನಾಶಕವು ಮುರಿಯುವಾಗ ಹುಟ್ಟುವ ಡೈಕ್ಲೋರೋ ಅನಿಲಿನ್ ಎಂಬ ತುಣುಕು ಮೂಲ ವಿಷಕ್ಕಿಂತಲೂ ಹೆಚ್ಚು ಹಾನಿಕರ. ಗ್ಲೈಫೋಸೇಟು ಒಡೆದಾಗ ಬರುವ ಆಂಪಾ ಎಂಬ ತುಣುಕು ಮೂಲ ವಸ್ತುವಿಗಿಂತ ದೀರ್ಘಕಾಲ ಮಣ್ಣಿನಲ್ಲಿ ಉಳಿಯಬಲ್ಲುದು. ಮೂಲ ವಿಷವು ಮಾಯವಾಯಿತೆಂದು ಜಾಹೀರಾತು ಮಾಡುವವರನ್ನು, ಮಾಯವಾದುದು ಏನಾಗಿ ಉಳಿಯಿತು ಎಂದು ಕೇಳಲೇಬೇಕು.

ಕೊನೆಯದಾಗಿ, ಪೀಣ್ಯದ ಕ್ರೋಮಿಯಂ ಮುಂದೆ ಈ ಸುತ್ತಿಗೆ ನಿಷ್ಫಲ. ಕಳೆನಾಶಕವು ಹಲವು ಪರಮಾಣುಗಳ ಕೂಟ, ಕೂಟವನ್ನು ಮುರಿಯಬಹುದು. ಲೋಹವು ಮೂಲವಸ್ತು, ಅದನ್ನು ಮುರಿಯಲಾಗದು. ರೂಪ ಬದಲಿಸಿ ವಿಷವನ್ನು ತಗ್ಗಿಸಬಹುದು, ಹಿಡಿದು ಬೇರ್ಪಡಿಸಬಹುದು, ಇಲ್ಲವಾಗಿಸಲಾಗದು. ಒಂದೇ ಔಷಧಿಯಿಂದ ಎಲ್ಲ ಕೆರೆಗಳ ಎಲ್ಲ ರೋಗಗಳನ್ನೂ ಗುಣಪಡಿಸುವೆನೆಂಬ ವೈದ್ಯನನ್ನು ನಂಬುವಂತಿಲ್ಲ.

ಹುಲ್ಲಿನ ಗುಂಡಿ

ಕೆರೆಯಲ್ಲಿ ಸೋಲುವ ಅಣಬೆಯು ಗುಂಡಿಯಲ್ಲಿ ಗೆಲ್ಲುತ್ತದೆ. ಇದನ್ನು ತೋರಿಸಿಕೊಟ್ಟವರು ಸ್ವೀಡನ್ನಿನ ರೈತರು. ಹೊಳೆ ಬಾವಿಗಳಿಗೆ ಸೇರುವ ವಿಷದ ಗಣನೀಯ ಭಾಗವು ಹೊಲದಿಂದಲ್ಲ, ಪಂಪಿಗೆ ಔಷಧಿ ತುಂಬುವ ಮತ್ತು ಅದನ್ನು ತೊಳೆಯುವ ಸ್ಥಳದಿಂದ ಬರುವುದೆಂದು ಅಲ್ಲಿ ಗೊತ್ತಾಯಿತು. ಸೀಸೆಯಿಂದ ಚೆಲ್ಲಿದ ನಾಲ್ಕು ತೊಟ್ಟು ಗಾಢ ವಿಷ, ಪಂಪನ್ನು ತೊಳೆದ ಒಂದು ಬಿಂದಿಗೆ ನೀರು, ದಿನವೂ ಅದೇ ಜಾಗದಲ್ಲಿ ಬಿದ್ದುದರ ಫಲವಿದು. 1993ರಿಂದ ಅವರು ಆ ಜಾಗದಲ್ಲಿ ಗುಂಡಿಯೊಂದನ್ನು ಮಾಡಲಾರಂಭಿಸಿದರು.

ಎರಡು ಅಡಿ ಆಳದ ಆ ಗುಂಡಿಯ ತಳದಲ್ಲಿ ನೀರು ಇಂಗದಂತೆ ಜೇಡಿಮಣ್ಣಿನ ಪದರ. ಅದರ ಮೇಲೆ ಅರ್ಧ ಪಾಲು ಒಣಹುಲ್ಲು, ಕಾಲು ಪಾಲು ಜೌಗುನೆಲದ ಕೊಳೆತ ಸಸ್ಯದ ಪುಡಿ, ಕಾಲು ಪಾಲು ಹೊಲದ ಮಣ್ಣು, ಇವುಗಳ ಮಿಶ್ರಣ. ಎಲ್ಲಕ್ಕೂ ಮೇಲೆ ಬೆಳೆಯುವ ಹುಲ್ಲಿನ ಹೊದಿಕೆ. ಒಣಹುಲ್ಲಿನಲ್ಲಿ ಲಿಗ್ನಿನ್ನಿರುವುದರಿಂದ ಬಿಳಿ ಕೊಳೆತದ ಶಿಲೀಂಧ್ರಗಳು ಅಲ್ಲಿ ನೆಲೆಸುತ್ತವೆ. ಜೌಗಿನ ಪುಡಿಯು ತೇವವನ್ನೂ ಹುಳಿಯನ್ನೂ ಕಾಯುತ್ತದೆ. ಮಣ್ಣು ವಿಷವನ್ನು ಓಡಗೊಡದೆ ಹಿಡಿದಿಡುತ್ತದೆ. ಚೆಲ್ಲಿದ ವಿಷವು ಅಲ್ಲಿಯೇ ಸೆರೆಸಿಕ್ಕಿ ಕ್ರಮೇಣ ಮುರಿಯುತ್ತದೆ. ಯಂತ್ರವಿಲ್ಲ, ವಿದ್ಯುಚ್ಛಕ್ತಿಯಿಲ್ಲ. ಹುಲ್ಲು ಕರಗಿದಂತೆ ಮತ್ತಷ್ಟು ಹಾಕಬೇಕು, ಅಷ್ಟೇ. ಇದನ್ನು ಅನುಸರಿಸಿದ ಬೇರೆ ದೇಶಗಳು ಜೌಗಿನ ಪುಡಿಗೆ ಬದಲಾಗಿ ತಮ್ಮಲ್ಲಿ ಸಿಗುವ ವಸ್ತುಗಳನ್ನು ಬಳಸಿಕೊಂಡವು.

ಆನೇಕಲ್ಲು, ಹೊಸಕೋಟೆ, ಮಾಲೂರುಗಳ ತರಕಾರಿ ತೋಟಗಳಿಗೆ ಈ ಗುಂಡಿಯು ಹೊರಲಾರದ ಹೊರೆಯಾಗದು. ರಾಗಿಯ ಹುಲ್ಲು, ಭತ್ತದ ಹುಲ್ಲು, ತೆಂಗಿನ ನಾರಿನ ಪುಡಿ, ಇವುಗಳಿಗೆ ಇಲ್ಲಿ ಕೊರತೆಯಿಲ್ಲ. ಅಣಬೆ ಬೆಳೆದು ಮುಗಿದ ಚೀಲದ ಹುಲ್ಲಿನಲ್ಲಿ ಕಿಣ್ವವೂ ಜೀವಂತ ಶಿಲೀಂಧ್ರವೂ ಉಳಿದಿರುತ್ತವೆ. ತಿಪ್ಪೆಗೆ ಎಸೆಯುವ ಅದನ್ನೇ ಗುಂಡಿಗೆ ಬೆರೆಸಬಹುದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಳೆ ನಿರ್ವಹಣೆಯ ಸಂಶೋಧನೆ ಬಹುಕಾಲದಿಂದ ನಡೆದಿದೆ. ನಮ್ಮ ಬಿಸಿಲು ಮಳೆಗಳಿಗೆ ತಕ್ಕ ಪ್ರಮಾಣವನ್ನು ಗೊತ್ತುಮಾಡುವ ಸಾಮರ್ಥ್ಯಕ್ಕೆ ಇಲ್ಲಿ ಅಭಾವವಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ವಿಷದ ಗುಂಡಿಯಲ್ಲಿ ಎದ್ದ ಅಣಬೆ ಗುಂಡಿಯದೇ ಸ್ವತ್ತು, ಅದು ಅಡಿಗೆಮನೆಗೆ ಬರಕೂಡದು.

ಹುಳುವಿಗೆ ಒಪ್ಪಿಸಿದ ಕೆಲಸ

ಚೆಲ್ಲಿದ ವಿಷವನ್ನು ಬಳಿಯುವುದಕ್ಕಿಂತ ಚೆಲ್ಲದೆ ಇರುವುದು ಲೇಸೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವುಂಟು. ದಕ್ಷಿಣ ಅಮೆರಿಕೆಯಿಂದ ಬಂದು ಕೆರೆಗಳನ್ನು ಮುಚ್ಚುವ ಅಂತರಗಂಗೆಗೂ, ನಿವೇಶನಗಳನ್ನು ಆಕ್ರಮಿಸುವ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡಕ್ಕೂ ಕಳೆನಾಶಕವೇ ಗತಿಯೆಂದು ನಂಬಿದವರು ಬಹಳ. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಬೇರೊಂದು ದಾರಿ ಹಿಡಿದರು. ಅಂತರಗಂಗೆಯನ್ನು ಮಾತ್ರ ತಿನ್ನುವ ಸಣ್ಣ ಮೂತಿಹುಳುಗಳನ್ನು ಹೊರದೇಶದಿಂದ ತರಿಸಿ, ಪರೀಕ್ಷಿಸಿ, ಕೆರೆಗಳಿಗೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಆ ಕೆರೆಗಳ ಹಸುರು ಹೊದಿಕೆ ಕುಸಿಯಿತು. ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟರು. ಇಂದಿಗೂ ಮಳೆಗಾಲದಲ್ಲಿ ಆ ಗಿಡದ ಎಲೆಗಳನ್ನು ಜರಡಿಯಂತೆ ಮಾಡುವುದು ಅದರ ಸಂತತಿಯೇ.

ಈ ಜಯವೂ ಪೂರ್ಣವಲ್ಲ. ಚರಂಡಿಯ ನೀರು ಕೆರೆಗೆ ಗೊಬ್ಬರವನ್ನು ಉಣಿಸುತ್ತಿರುವವರೆಗೆ ಹುಳು ತಿಂದಷ್ಟೂ ಅಂತರಗಂಗೆ ಚಿಗುರುತ್ತದೆ. ಜೀರುಂಡೆಯು ಬೇಸಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ, ಗಿಡ ಮಲಗುವುದಿಲ್ಲ. ಆದರೆ ಹುಳು ತಿಂದ ಎಲೆಯಿಂದ ಬಾವಿಗೆ ವಿಷ ಇಳಿಯುವುದಿಲ್ಲ.

ಮನೆಯ ಬಾಗಿಲಲ್ಲಿ

ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಳ್ಳುವವರಿಲ್ಲ. ಅಂಗಳದ ಹತ್ತು ಗಿಡಗಳಿಗಾಗಿ ಕೊಳವೆ ಬಾವಿಯ ಪಕ್ಕದಲ್ಲೇ ಕಳೆನಾಶಕ ಸಿಂಪಡಿಸುವುದು ಅದಕ್ಕೆ ಸಮಾನವಾದ ಕೆಲಸ. ವಸತಿ ಸಂಘದ ಸಭೆಯಲ್ಲಿ ತೋಟದ ಖರ್ಚು ಚರ್ಚೆಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಸಿಂಪಡಿಸುವ ವಸ್ತು ಯಾವುದು? ಸಿಂಪಡಿಸುವವನಿಗೆ ಪರವಾನಗಿಯುಂಟೇ? ಅವನ ಕೈಗೆ ಗವಸು, ಮೂಗಿಗೆ ಮುಸುಕು, ಕಾಲಿಗೆ ಬೂಟು ಉಂಟೇ? ಪಂಪನ್ನು ತೊಳೆದ ನೀರು ಯಾವ ಚರಂಡಿಗೆ ಹೋಗುತ್ತದೆ? ಈ ನಾಲ್ಕಕ್ಕೂ ತೃಪ್ತಿಕರವಾದ ಉತ್ತರ ದೊರೆಯದಿದ್ದರೆ ಎರಡು ದಿನದ ಕೂಲಿ ಕೊಟ್ಟು ಕುರ್ಚಿಗೆಯಿಂದ ಕಳೆ ತೆಗೆಸುವುದೇ ಅಗ್ಗ. ಆ ಕೂಲಿಯು ಯಾರೋ ಒಬ್ಬ ಹೆಣ್ಣುಮಗಳ ಮನೆಗೆ ಹೋಗುತ್ತದೆ. ಸೀಸೆಯ ಬೆಲೆಯನ್ನು ಲೆಕ್ಕ ಹಾಕುವವರು ಆಕೆ ಕಳೆದುಕೊಂಡ ಕೂಲಿಯನ್ನೂ, ಬದುವಿನಿಂದ ಮರೆಯಾದ ಬೆರಕೆ ಸೊಪ್ಪನ್ನೂ ಅದೇ ಪುಟದಲ್ಲಿ ಬರೆದುಕೊಳ್ಳುವುದು ನ್ಯಾಯ.

ಅಣಬೆಯ ವಿದ್ಯೆ ಬೆಳೆಯುತ್ತಿದೆ. ಕಿಣ್ವವನ್ನು ಮಣಿಗಳಿಗೆ ಅಂಟಿಸಿ ಮತ್ತೆ ಮತ್ತೆ ಬಳಸುವ ಉಪಾಯವನ್ನೂ, ಕ್ಷಾರದ ನೀರಿನಲ್ಲಿ ದುಡಿಯುವ ತಳಿಗಳನ್ನೂ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಕಾರ್ಖಾನೆಯ ಕೊಳವೆಯ ಬಾಯಲ್ಲಿ, ತೋಟದ ಮೂಲೆಯ ಗುಂಡಿಯಲ್ಲಿ, ಎಲ್ಲಿ ವಿಷವು ಗಾಢವಾಗಿ ಒಂದೆಡೆ ಸಿಗುವುದೋ ಅಲ್ಲಿ, ಈ ಕಿಣ್ವಗಳು ಮನುಷ್ಯನಿಗೆ ನೆರವಾಗುವ ಕಾಲ ಬರಬಹುದು. ಮರವನ್ನು ಮಣ್ಣಾಗಿಸುವ ಕೆಲಸವನ್ನು ಶಿಲೀಂಧ್ರವು ಕೋಟ್ಯಂತರ ವರ್ಷಗಳ ಅವಕಾಶದಲ್ಲಿ ಕಲಿತಿದೆ. ಮನುಷ್ಯನು ಕಳೆನಾಶಕವನ್ನು ಕಲಿತು ಇನ್ನೂ ನೂರು ವರ್ಷವಾಗಿಲ್ಲ. ನಿಧಾನವಾಗಿ ಉಣ್ಣುವ ಈ ಅತಿಥಿಯ ಎಲೆಗೆ ಅವಸರದಿಂದ ಬಡಿಸುತ್ತಲೇ ಹೋದರೆ ಉಳಿದುದೆಲ್ಲ ಕೆರೆಗೇ ಹೋಗುವುದು.